ಟೆನ್ಷನ್ನಿಗೆ ಬಿಳಿ ರಕ್ತಕಣ ಏರುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತಾ ಇಪ್ಪತ್ತೆರಡು ವರ್ಷವಾಯಿತು. ಬರುವವರಲ್ಲಿ ಊರಿನ ಕಡೆಯವರೇ ಹೆಚ್ಚು: ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದವರು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಉಡುಪಿಯಿಂದಲೋ ಧಾರವಾಡದಿಂದಲೋ ಬಂದು ಇಲ್ಲೇ ಉಳಿದ ಅಜ್ಜಿಯರು. ರಿಪೋರ್ಟನ್ನು ಡಾಕ್ಟರಿಗಿಂತ ಮೊದಲು ಮನೆಯವರು ಓದುತ್ತಾರೆ. ಓದಿ, ಗಾಬರಿಯಾಗಿ, ನನಗೆ ಫೋನು ಮಾಡುತ್ತಾರೆ. ಕನ್ನಡ ಸಂಘದ ಆರೋಗ್ಯ ಶಿಬಿರಗಳಲ್ಲಿ, ಪತ್ರಗಳಲ್ಲಿ, ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಕೂಡ ತಿರುಗಿ ತಿರುಗಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ರಿಪೋರ್ಟ್ ಓದುವುದಕ್ಕೆ ಇದು ನೆರವಾದೀತು. ಔಷಧ ಬರೆಯುವುದು ನಿಮ್ಮ ಡಾಕ್ಟರ ಕೆಲಸ.

## ಮೊದಲ ಸಲ ಕೇಳುವವರಿಗೆ

ಮೇಡಂ, ಡಬ್ಲ್ಯುಬಿಸಿ 12,400 ಎಂದು ಬಂದಿದೆ, ಪಕ್ಕದಲ್ಲಿ ದಪ್ಪಕ್ಷರದ ಎಚ್ ಇದೆ. ಹೆದರಬೇಕೇ?

ಡಬ್ಲ್ಯುಬಿಸಿ ಎಂದರೆ ಬಿಳಿ ರಕ್ತಕಣ, ಎಚ್ ಎಂದರೆ ‘ಹೈ’, ಹೆಚ್ಚು. ಆ ಎಚ್ ಹಾಕುವುದು ಯಂತ್ರ. ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000 ಬಿಳಿ ರಕ್ತಕಣ ಸಹಜ ಎಂದು ಹೆಚ್ಚಿನ ಲ್ಯಾಬುಗಳು ಗೆರೆ ಎಳೆದುಕೊಂಡಿವೆ. 11,001 ಆದರೂ ಎಚ್ ಬೀಳುತ್ತದೆ. ಈ ಗೆರೆಯನ್ನು ಎಳೆಯುವುದೇ ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು 95 ಮಂದಿ ಒಳಗೆ ಬರುವ ಹಾಗೆ. ಉಳಿದ ಐವರು ಯಾವ ಕಾಯಿಲೆಯೂ ಇಲ್ಲದೆ ಆಚೆ ಬೀಳುತ್ತಾರೆ. ಆಗತಾನೇ ಹುಟ್ಟಿದ ಮಗುವಿನಲ್ಲಿ 20,000 ಕಂಡರೂ ನಾವು ಹುಬ್ಬೇರಿಸುವುದಿಲ್ಲ.

12,400 ಎಂದರೆ ರಕ್ತ ತೆಗೆದ ಆ ಗಳಿಗೆಯಲ್ಲಿ, ಹರಿಯುವ ರಕ್ತದಲ್ಲಿ ಅಷ್ಟು ಕಣಗಳಿದ್ದವು ಎಂದಷ್ಟೇ. ಜ್ವರ ಇತ್ತೇ, ಮೆಟ್ಟಿಲು ಹತ್ತಿ ಬಂದಿರೇ, ಸಿಗರೇಟು ಸೇದುತ್ತೀರಾ, ಬಸುರಿಯೇ, ಯಾವ ಮಾತ್ರೆ ನಡೆಯುತ್ತಿದೆ ಎಂಬುದು ಗೊತ್ತಾದ ಮೇಲೆಯೇ ಅಂಕಿ ಬಾಯಿ ಬಿಡುತ್ತದೆ.

ಒತ್ತಡದ ಹಾರ್ಮೋನು ಎಂದು ಎಲ್ಲರೂ ಹೇಳುತ್ತಾರೆ. ಅದು ಅಡ್ರಿನಲಿನ್ನೋ, ಕಾರ್ಟಿಸಾಲೋ?

ಎರಡೂ. ಎರಡೂ ಬರುವುದು ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿಗಳಿಂದಲೇ. ಗ್ರಂಥಿಯ ಒಳತಿರುಳು ಅಡ್ರಿನಲಿನ್ ಕೊಡುತ್ತದೆ. ನರ ನೇರವಾಗಿ ಅಲ್ಲಿಗೇ ಹೋಗಿರುವುದರಿಂದ ಅದು ಕ್ಷಣಾರ್ಧದ ಕೆಲಸ: ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ಅದರಿಂದ. ಹೊರಪದರ ಕಾರ್ಟಿಸಾಲ್ ಕೊಡುತ್ತದೆ. ಅದಕ್ಕೆ ಮೆದುಳಿನ ಹೈಪೊಥಲಾಮಸ್ ಎಂಬ ಭಾಗ ತನ್ನ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಹೇಳಬೇಕು, ಪಿಟ್ಯುಟರಿ ರಕ್ತದ ಮೂಲಕ ಅಡ್ರಿನಲ್ ಗ್ರಂಥಿಗೆ ಹೇಳಿಕಳಿಸಬೇಕು. ಹಾಗಾಗಿ ಅದು ಏರಲು ಹಲವು ನಿಮಿಷ ಬೇಕು, ಬಿಳಿ ಕಣಗಳ ಮೇಲೆ ಅದರ ಪೂರ್ತಿ ಪರಿಣಾಮ ಕಾಣಲು ಗಂಟೆಗಳೇ ಬೇಕು. ರಿಪೋರ್ಟಿನಲ್ಲಿ ಕಾಣುವ ಎಷ್ಟೋ ಗೊಂದಲಕ್ಕೆ ಈ ಎರಡು ವೇಗಗಳೇ ಕಾರಣ.

ಗಾಬರಿಯಾದ ಹತ್ತು ನಿಮಿಷದಲ್ಲಿ ಅಷ್ಟೊಂದು ಹೊಸ ಕಣ ಎಲ್ಲಿಂದ ಬರುತ್ತದೆ?

ಹೊಸದು ಒಂದೂ ಬರುವುದಿಲ್ಲ. ಬಿಳಿ ಕಣಗಳಲ್ಲಿ ಅತಿ ಹೆಚ್ಚಿರುವ ಬಗೆ ನ್ಯೂಟ್ರೋಫಿಲ್. ಅಸ್ಥಿಮಜ್ಜೆಯಲ್ಲಿ ಅಂಥದೊಂದು ತಯಾರಾಗಲು ದಿನಗಳೇ ಹಿಡಿಯುತ್ತವೆ.

ಸಂಜೆ ಮರೀನ್ ಡ್ರೈವಿಗೆ ಹೋಗಿ ನೋಡಿ. ನಡೆಯುವವರು ಒಂದಿಷ್ಟು ಮಂದಿ, ಕಟ್ಟೆಯ ಮೇಲೆ ಕೂತವರು ಒಂದಿಷ್ಟು ಮಂದಿ. ನಡೆಯುವವರನ್ನು ಮಾತ್ರ ಎಣಿಸಿ ಇಷ್ಟೇ ಜನ ಎಂದು ಬರೆದುಕೊಂಡರೆ ಲೆಕ್ಕ ಅರ್ಧವಾಗುತ್ತದೆ. ರಕ್ತನಾಳಗಳಲ್ಲಿಯೂ ಹೀಗೆಯೇ: ನ್ಯೂಟ್ರೋಫಿಲ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಾಳದ ಗೋಡೆಗೆ ಮೆತ್ತಗೆ ಅಂಟಿಕೊಂಡು, ಶ್ವಾಸಕೋಶ, ಗುಲ್ಮ, ಯಕೃತ್ತಿನ ಸಣ್ಣ ನಾಳಗಳಲ್ಲಿ ನಿಂತುಕೊಂಡಿರುತ್ತವೆ. ಸೂಜಿಗೆ ಬರುವುದು ನಡುವೆ ಹರಿಯುವವು ಮಾತ್ರ. ಅಡ್ರಿನಲಿನ್ ಬಂತೆಂದರೆ ಹವಾಲ್ದಾರ ಸೀಟಿ ಊದಿದ ಹಾಗೆ. ಕೂತವರೆಲ್ಲ ಎದ್ದು ನಡೆಯತೊಡಗುತ್ತಾರೆ. ಎಣಿಕೆ ಏರುತ್ತದೆ, ಜನಸಂಖ್ಯೆ ಏರಿರುವುದಿಲ್ಲ.

ಇದನ್ನು ನಾನು ಓದಿ ನಂಬಿದ್ದಲ್ಲ. ಕಾಲೇಜಿನಲ್ಲಿ ಇನ್ನೂ ಕೈಯಲ್ಲೇ ಎಣಿಸುತ್ತಿದ್ದ ಕಾಲ. ನನ್ನದೇ ಬೆರಳು ಚುಚ್ಚಿ, ಪಿಪೆಟ್ಟಿಗೆ ರಕ್ತ ಎಳೆದು, ಟರ್ಕ್ ದ್ರಾವಣದಲ್ಲಿ ಇಪ್ಪತ್ತು ಪಾಲು ತೆಳುಮಾಡಿ, ನ್ಯೂಬಾವರ್ ಚೇಂಬರಿಗೆ ಬಿಟ್ಟೆ. ದ್ರಾವಣದಲ್ಲಿರುವ ಆಮ್ಲ ಕೆಂಪುಕಣಗಳನ್ನು ಕರಗಿಸಿಬಿಡುತ್ತದೆ. ಉಳಿದ ಬಿಳಿಕಣಗಳು ನೇರಳೆ ಚುಕ್ಕಿಗಳಾಗಿ ಗಾಜಿನ ಚೌಕಗಳಲ್ಲಿ ಕೂರುತ್ತವೆ. ನಾಲ್ಕು ಮೂಲೆಯ ಚೌಕಗಳನ್ನು ಎಣಿಸಿ 50ರಿಂದ ಗುಣಿಸಬೇಕು. 142 ಸಿಕ್ಕಿತು, ಅಂದರೆ 7,100. ಆಮೇಲೆ ನಾಲ್ಕು ಮಹಡಿ ಓಡಿ ಹತ್ತಿ, ಓಡಿ ಇಳಿದು, ಏದುಸಿರು ಬಿಡುತ್ತಲೇ ಇನ್ನೊಂದು ಬೆರಳು ಚುಚ್ಚಿಕೊಂಡೆ. 218. ಹತ್ತು ನಿಮಿಷದೊಳಗೆ 7,100 ಹೋಗಿ 10,900 ಆಗಿತ್ತು. ಕೈಯೆಣಿಕೆಯಲ್ಲಿ ತಪ್ಪು ನುಸುಳುತ್ತದೆ, ನಿಜ. ಆದರೆ ಇಷ್ಟು ದೊಡ್ಡದಲ್ಲ.

ಸೂಜಿ ಕಂಡರೆ ಸಾಕು, ಮಗ ಲ್ಯಾಬ್ ಬೀಳುವ ಹಾಗೆ ಅಳುತ್ತಾನೆ. ಅದರಿಂದಲೂ ಕೌಂಟ್ ಏರುತ್ತದೆಯೇ?

ಏರುತ್ತದೆ. ಮಕ್ಕಳಲ್ಲಿ ಜೋರು ಅಳು ಎಂದರೆ ಒಂದು ವ್ಯಾಯಾಮವೇ. ಅದರ ಮೇಲೆ ಭಯ ಬೇರೆ. ಮಗು ಸಮಾಧಾನವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕಣಗಳು ಮತ್ತೆ ಗೋಡೆ ಹಿಡಿಯುತ್ತವೆ. ಅತ್ತು ಕರೆದ ಮಗುವಿನ ಚೀಟಿಯ ಮೇಲೆ ನಮ್ಮ ಹುಡುಗ ‘ಅಳುತ್ತಿತ್ತು’ ಎಂದು ಬರೆದಿಡುತ್ತಾನೆ. ಡಾಕ್ಟರು ನಗುತ್ತಾರೆ, ಆದರೆ ಓದುತ್ತಾರೆ.

ದೊಡ್ಡವರಿಗೂ ಇದೇ ಮಾತು. ರೈಲು ತಪ್ಪೀತೆಂದು ಸೇತುವೆ ಓಡಿ ಹತ್ತಿ ಬಂದು, ನಿಂತಲ್ಲೇ ತೋಳು ಚಾಚಬೇಡಿ. ನಮ್ಮ ಬೆಂಚು ಗಟ್ಟಿಯಾಗಿದೆ, ಒಪ್ಪುತ್ತೇನೆ. ಆದರೂ ಇಪ್ಪತ್ತು ನಿಮಿಷ ಕೂತುಕೊಳ್ಳಿ.

## ರಿಪೋರ್ಟ್ ಕೈಯಲ್ಲಿ ಹಿಡಿದವರಿಗೆ

ನ್ಯೂಟ್ರೋಫಿಲ್ 84, ಲಿಂಫೋಸೈಟ್ 10, ಇಯೊಸಿನೊಫಿಲ್ 0 ಎಂದು ಬರೆದಿದ್ದಾರೆ. ಇದು ಸೋಂಕೋ, ಟೆನ್ಷನ್ನೋ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ಉತ್ತರ ಸಿಗುವುದೂ ಇದಕ್ಕೇ.

ಮೂರೂ ಬಿಳಿ ಕಣಗಳ ಬಗೆಗಳು, ಪಕ್ಕದ ಅಂಕಿ ನೂರಕ್ಕೆ ಎಷ್ಟು ಎಂಬುದು. ಮೊದಲು ಈ ಶೇಕಡಾವನ್ನು ಬದಿಗಿಟ್ಟು ಗುಣಾಕಾರ ಮಾಡಿ. ಒಟ್ಟು ಕೌಂಟ್ 12,400 ಆಗಿದ್ದರೆ ನ್ಯೂಟ್ರೋಫಿಲ್ 10,416, ಲಿಂಫೋಸೈಟ್ 1,240. ಲಿಂಫೋಸೈಟ್ 10 ಎಂದು ಕಂಡಾಗ ಎದೆ ಧಸಕ್ಕೆಂದಿರಬಹುದು, ಆದರೆ 1,240 ಎಂಬುದು ಸಹಜದ ಕೆಳ ಅಂಚಿನಲ್ಲೇ ಇದೆ. ಒಬ್ಬರ ಪಾಲು ದೊಡ್ಡದಾದರೆ ಇನ್ನೊಬ್ಬರ ಪಾಲು ತಾನಾಗಿ ಸಣ್ಣದಾಗಿ ಕಾಣುತ್ತದೆ, ಅಷ್ಟೆ.

ನ್ಯೂಟ್ರೋಫಿಲ್ ಮೇಲೆ, ಲಿಂಫೋಸೈಟ್ ಕೆಳಗೆ, ಇಯೊಸಿನೊಫಿಲ್ ಮಾಯ: ಇದು ಕಾರ್ಟಿಸಾಲ್ ಬರೆದ ಅಕ್ಷರ. ತೊಡಕಿರುವುದು ಇಲ್ಲಿ. ನ್ಯುಮೋನಿಯಾ ಬಂದವರ ಮೈಯೂ ಒತ್ತಡದಲ್ಲೇ ಇರುತ್ತದೆ, ಅವರ ಕಾರ್ಟಿಸಾಲೂ ಏರಿರುತ್ತದೆ, ಅವರ ಅಂಕಿಗಳೂ ಹೀಗೆಯೇ ಕಾಣುತ್ತವೆ. ಆದ್ದರಿಂದ ಬರೀ ಅಂಕಿ ನೋಡಿ ಸೋಂಕಿಲ್ಲ, ಟೆನ್ಷನ್ ಎನ್ನುವುದು ಅಪಾಯ.

ಆಗ ನಾವು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸವರಿ, ಲೀಶ್‌ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಡುತ್ತೇವೆ. ಬಲಿತ ನ್ಯೂಟ್ರೋಫಿಲ್ಲಿನ ಬೀಜ, ಅಂದರೆ ಕೋಶದ ಕೇಂದ್ರ, ಮೂರು ನಾಲ್ಕು ತುಂಡುಗಳಾಗಿ ದಾರದಲ್ಲಿ ಪೋಣಿಸಿದಂತಿರುತ್ತದೆ. ಬ್ಯಾಕ್ಟೀರಿಯಾ ಸೋಂಕು ಜೋರಾಗಿದ್ದರೆ ಮಜ್ಜೆ ಆತುರದಲ್ಲಿ ಎಳಸುಗಳನ್ನೂ ಹೊರಗೆ ತಳ್ಳುತ್ತದೆ. ಅವುಗಳ ಬೀಜ ತುಂಡಾಗದೆ ಕುದುರೆ ಲಾಳದ ಹಾಗೆ ಬಾಗಿರುತ್ತದೆ, ಮೈಯಲ್ಲಿ ಕರಿ ಎಳ್ಳು ಚೆಲ್ಲಿದಂತೆ ಗಾಢ ಕಾಳುಗಳಿರುತ್ತವೆ. ಬರೀ ಒತ್ತಡದಿಂದಲೋ ಸ್ಟಿರಾಯ್ಡಿನಿಂದಲೋ ಏರಿದ್ದರೆ ಲಾಳಗಳು ತೀರಾ ಕಡಿಮೆ, ಕರಿ ಕಾಳುಗಳು ಸಾಮಾನ್ಯವಾಗಿ ಇರುವುದಿಲ್ಲ. ಬದಲಿಗೆ ಐದಾರು ತುಂಡಿನ ಹಣ್ಣು ಮುದುಕರು ಸಿಗುತ್ತಾರೆ. ಇಯೊಸಿನೊಫಿಲ್‌ಗಳನ್ನು ಹುಡುಕುವುದು ಸುಲಭ, ಮೈ ತುಂಬ ಅಬ್ಬಲಿಗೆ ಹೂವಿನ ಬಣ್ಣದ ಕಾಳು. ಇಡೀ ಪಟ್ಟಿ ಅಲೆದರೂ ಒಂದು ಅಬ್ಬಲಿಗೆ ಸಿಗದಿದ್ದರೆ ಮೈಯಲ್ಲಿ ಕಾರ್ಟಿಸಾಲ್ ಓಡಾಡುತ್ತಿದೆ ಎಂದು ನನ್ನ ಮನಸ್ಸು ಹೇಳುತ್ತದೆ.

ರಿಪೋರ್ಟಿನ ಕೊನೆಯಲ್ಲಿ ಹೀಗೆ ಸವರಿದ ಪಟ್ಟಿಯ, ಅಂದರೆ ‘ಸ್ಮಿಯರ್’ ಬಗ್ಗೆ ಒಂದು ಸಾಲು ಇರುತ್ತದೆ. ಯಾರೂ ಅದನ್ನು ಓದುವುದಿಲ್ಲ. ಓದಿ.

ಬೆಳಗ್ಗೆ ಒಂದು ಲ್ಯಾಬಿನಲ್ಲಿ ಒಂದು ಅಂಕಿ, ರಾತ್ರಿ ಇನ್ನೊಂದರಲ್ಲಿ ಬೇರೆ ಅಂಕಿ. ಯಾರು ಸುಳ್ಳು ಹೇಳುತ್ತಿದ್ದಾರೆ?

ಬಹುಶಃ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಕಾರ್ಟಿಸಾಲ್ ನಸುಕಿನಲ್ಲಿ ಏರಿ, ಎದ್ದ ಹೊತ್ತಿಗೆ ತುದಿ ಮುಟ್ಟಿ, ನಡುರಾತ್ರಿಯ ಹೊತ್ತಿಗೆ ತಳಕ್ಕೆ ಇಳಿಯುತ್ತದೆ. ಲಿಂಫೋಸೈಟ್ ಮತ್ತು ಇಯೊಸಿನೊಫಿಲ್ ಅದರ ಎದುರು ದಿಕ್ಕಿಗೆ ಹೋಗುತ್ತವೆ: ಬೆಳಗ್ಗೆ ಕಡಿಮೆ, ರಾತ್ರಿ ಹೆಚ್ಚು. ರಾತ್ರಿಪಾಳಿ ಮಾಡುವವರಲ್ಲಿ ಈ ಏರಿಳಿತವೇ ಅಡ್ಡಾದಿಡ್ಡಿ. ಎರಡು ರಿಪೋರ್ಟ್ ಹೋಲಿಸುವುದಾದರೆ ಒಂದೇ ಲ್ಯಾಬ್, ಒಂದೇ ಹೊತ್ತು ಇರಲಿ.

ಉಬ್ಬಸಕ್ಕೆ ಮಾತ್ರೆ ಕೊಟ್ಟ ಮೂರನೇ ದಿನ ಕೌಂಟ್ 17,000. ಸೋಂಕು ಹೆಚ್ಚಾಯಿತೇ ಅಕ್ಕಾ?

ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಹೆಸರು ಓದಿ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಮಿಥೈಲ್‌ಪ್ರೆಡ್ನಿಸೊಲೋನ್, ಡಿಫ್ಲಜಾಕಾರ್ಟ್: ಇವೆಲ್ಲ ಸ್ಟಿರಾಯ್ಡುಗಳು, ಕಾರ್ಟಿಸಾಲಿನ ದಾಯಾದಿಗಳು, ಕಾರ್ಟಿಸಾಲಿಗಿಂತ ಬಲಶಾಲಿಗಳು. ಪ್ರೆಡ್ನಿಸೊಲೋನ್ ನುಂಗಿದ ನಾಲ್ಕರಿಂದ ಆರು ಗಂಟೆಯಲ್ಲಿ ನ್ಯೂಟ್ರೋಫಿಲ್ ಕೆಲವು ಸಾವಿರ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ. ದಿನವೂ ತೆಗೆದುಕೊಂಡರೆ ಏರಿದ್ದು ಏರಿಯೇ ಇರುತ್ತದೆ. ಕೆಲವರಲ್ಲಿ 20,000 ದಾಟುವುದೂ ಉಂಟು. ಅದರ ಜೊತೆಗೆ ಸಾಲ್ಬ್ಯುಟಮಾಲ್ ನೆಬುಲೈಸರ್ ನಡೆದಿದ್ದರೆ ಅದು ಅಡ್ರಿನಲಿನ್ನಿನ ಕಡೆಯ ನೆಂಟ, ಅದರ ಪಾಲೂ ಸ್ವಲ್ಪ ಸೇರುತ್ತದೆ. ಕೋವಿಡ್ ಕಾಲದಲ್ಲಿ ಆಮ್ಲಜನಕ ಬೇಕಾದವರಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಡುತ್ತಿದ್ದಾಗ ಇಂಥ ರಿಪೋರ್ಟುಗಳ ರಾಶಿಯೇ ಬೀಳುತ್ತಿತ್ತು.

ಮಾತ್ರೆಯ ವಿಷಯ ಮುಚ್ಚಿಟ್ಟರೆ ಮಾತ್ರ ಕಷ್ಟ. ಮಂಡಿನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಎರಡೇ ದಿನದಲ್ಲಿ ಹಸಿವೆಯೂ ಹುರುಪೂ ಬಂದುಬಿಟ್ಟಿತು ಎಂದು ಅಜ್ಜಿ ಹೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರಕೆ ಸಿಕ್ಕಿರುವುದು ನಮ್ಮ ದೇಶದಲ್ಲಿ ಹೊಸದಲ್ಲ. ಕೌಂಟ್ ಏರಿದೆ, ಇಯೊಸಿನೊಫಿಲ್ ಸೊನ್ನೆ, ಮುಖ ಊದಿದೆ, ಸಕ್ಕರೆ ಏರಿದೆ ಎಂದಾದರೆ ಪುಡಿಯ ಪೊಟ್ಟಣವನ್ನೇ ಡಾಕ್ಟರ ಮುಂದಿಡಿ. ಆದರೆ ತಿಂಗಳುಗಟ್ಟಲೆ ತಿಂದದ್ದನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಅಷ್ಟರಲ್ಲಿ ಮೈಯ ಸ್ವಂತ ಗ್ರಂಥಿ ನಿದ್ದೆ ಹೋಗಿರುತ್ತದೆ, ಅದು ಏಳಲು ಕಾಲ ಬೇಕು.

ಇನ್ನೊಂದು ಮಾತು. ಬರಿಗಾಲಿನಲ್ಲಿ ಮಣ್ಣಿನ ಕೆಲಸ ಮಾಡಿದವರ ಕರುಳಿನಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಅದರ ಸುಳಿವು ಕೊಡುವುದು ಏರಿದ ಇಯೊಸಿನೊಫಿಲ್. ಸ್ಟಿರಾಯ್ಡ್ ಆ ಸುಳಿವನ್ನು ಅಳಿಸಿ, ಹುಳುವಿಗೆ ಮೈಯೆಲ್ಲ ಹಬ್ಬಲು ದಾರಿ ಮಾಡಿಕೊಡುತ್ತದೆ. ಸ್ಟಿರಾಯ್ಡ್ ಶುರುವಾಗುವ ಮುಂಚಿನ ಹಳೆಯ ರಿಪೋರ್ಟನ್ನು ಎಸೆಯಬಾರದು ಎನ್ನುವುದು ಇದಕ್ಕೇ.

ಮಾವನವರಿಗೆ ಹರ್ನಿಯಾ ಆಪರೇಷನ್ ಆದ ಮರುದಿನ 16,000 ಬಂತು. ಹೊಲಿಗೆ ಕೀವಾಗಿದೆಯೇ?

ಮರುದಿನವೇ ಕೀವಾಗುವುದು ಅಪರೂಪ. ಕೊಯ್ದದ್ದು, ನೋವು, ಅರಿವಳಿಕೆ ಎಲ್ಲವೂ ಸೇರಿ ಮೊದಲ ಎರಡು ಮೂರು ದಿನ ಕೌಂಟ್ ಏರುತ್ತದೆ. ಹೃದಯಾಘಾತ, ಫಿಟ್ಸ್, ಸುಟ್ಟ ಗಾಯ, ಹೆರಿಗೆ ಎಲ್ಲದರಲ್ಲೂ ಹೀಗೆಯೇ. ಇಳಿದ ಕೌಂಟ್ ನಾಲ್ಕೈದು ದಿನದ ಮೇಲೆ ಜ್ವರದೊಂದಿಗೆ ಮತ್ತೆ ಏರಿದರೆ ಆಗ ಹೊಲಿಗೆ ನೋಡಿಸಿ.

ಮಳೆಗಾಲದ ಜ್ವರ, ಬಿಳಿ ಕಣ 3,100. ಆಫೀಸಿನ ಒತ್ತಡದಿಂದ ಕಡಿಮೆಯೂ ಆಗಬಹುದೇ?

ಒತ್ತಡದ ಹಾರ್ಮೋನು ಒಟ್ಟು ಎಣಿಕೆಯನ್ನು ಏರಿಸುವುದೇ ಹೆಚ್ಚು, ಇಳಿಸುವುದು ಲಿಂಫೋಸೈಟ್ ಮತ್ತು ಇಯೊಸಿನೊಫಿಲ್‌ಗಳನ್ನು ಮಾತ್ರ. ಜ್ವರದೊಡನೆ ಒಟ್ಟು ಕೌಂಟೇ 3,100ಕ್ಕೆ ಬಿದ್ದಿದ್ದರೆ ಆಫೀಸನ್ನು ದೂರಬೇಡಿ. ಮುಂಬಯಿಯ ಜುಲೈಯಿಂದ ಅಕ್ಟೋಬರ್‌ವರೆಗೆ ಮೊದಲು ನೆನಪಾಗಬೇಕಾದದ್ದು ಡೆಂಗಿ. ಪ್ಲೇಟ್‌ಲೆಟ್ ಎಷ್ಟಿದೆ ನೋಡಿ. ಮಲೇರಿಯಾ, ಟೈಫಾಯ್ಡ್‌ಗಳಲ್ಲೂ ಕೌಂಟ್ ಸಹಜವಾಗಿಯೋ ಕಡಿಮೆಯಾಗಿಯೋ ಇರುತ್ತದೆ. ನೆರೆನೀರಿನಲ್ಲಿ ನಡೆದು ಬಂದ ಮೇಲೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು, ಜೊತೆಗೆ ಏರಿದ ನ್ಯೂಟ್ರೋಫಿಲ್ ಎಂದರೆ ಇಲಿಜ್ವರದ ಸಂಶಯ. 2005ರ ಜುಲೈ 26ರ ಪ್ರಳಯದ ಹಿಂದೆಯೇ ಈ ಊರನ್ನು ಇಲಿಜ್ವರ ಕಾಡಿತ್ತು. ಇಲಿಜ್ವರದ ಏರಿದ ಕೌಂಟನ್ನು ಟೆನ್ಷನ್ ಎಂದು ತಳ್ಳಿಹಾಕುವ ತಪ್ಪು ಯಾರಿಂದಲೂ ಆಗಬಾರದು.

ಬ್ಲಡ್ ಕ್ಯಾನ್ಸರ್ ಇರಬಹುದೇ? ಟಾಟಾಕ್ಕೆ ತೋರಿಸಿಬಿಡುವುದೇ?

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ಇದೆ, ಮುಂಬಯಿಗರ ಬಾಯಲ್ಲಿ ಅದು ಬರೀ ‘ಟಾಟಾ’. ಆ ಎರಡಕ್ಷರ ಉಚ್ಚರಿಸುವಾಗ ದನಿ ತಗ್ಗುತ್ತದೆ. 12,400ಕ್ಕೆ ಅಲ್ಲಿಗೆ ಓಡಬೇಕಾಗಿಲ್ಲ. ಬರೀ ಮನಸ್ಸಿನ ಗಾಬರಿಗೆ ಕೌಂಟ್ 15,000 ದಾಟುವುದು ಅಪರೂಪ, ದಾಟಿದರೂ ಅಲ್ಲಿ ನಿಲ್ಲುವುದಿಲ್ಲ. ಕ್ಯಾನ್ಸರಿನ ನೆರಳು ಬೇರೆ ಥರ: ಮಜ್ಜೆಯಿಂದ ಹೊರಬರಬಾರದ ‘ಬ್ಲಾಸ್ಟ್’ ಎಂಬ ಶಿಶುಕಣಗಳು ರಕ್ತದಲ್ಲಿ ಕಾಣುತ್ತವೆ. ಇಲ್ಲವೇ ಎಲ್ಲ ವಯಸ್ಸಿನ ನ್ಯೂಟ್ರೋಫಿಲ್‌ಗಳೂ ಬೇಸೊಫಿಲ್ ಎಂಬ ಅಪರೂಪದ ಬಿಳಿ ಕಣಗಳೂ ಒಟ್ಟಿಗೇ ತುಂಬಿ, ಗುಲ್ಮ ಊದಿಕೊಳ್ಳುತ್ತದೆ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್‌ಗಳೂ ಎಷ್ಟೋ ಸಲ ಕೈಕೊಟ್ಟಿರುತ್ತವೆ.

ಕಾಯಿಲೆಯ ಬೇರಾವ ಲಕ್ಷಣವೂ ಇಲ್ಲದಿದ್ದರೆ ಎರಡು ವಾರ ಬಿಟ್ಟು, ಚೆನ್ನಾಗಿ ನಿದ್ದೆ ಮಾಡಿ ಬಂದ ಬೆಳಗ್ಗೆ ಮತ್ತೊಮ್ಮೆ ಪರೀಕ್ಷಿಸಿ. ಆಗಲೂ ಮೇಲೆಯೇ ಇದ್ದರೆ, ತೂಕ ಇಳಿಯುತ್ತಿದ್ದರೆ, ರಾತ್ರಿ ಮೈ ಬೆವತು ಹಾಸಿಗೆ ಒದ್ದೆಯಾಗುತ್ತಿದ್ದರೆ, ಕತ್ತಿನಲ್ಲಿ ಗಂಟು ಕಂಡರೆ, ಸ್ಮಿಯರ್ ಸಾಲಿನಲ್ಲಿ ಬ್ಲಾಸ್ಟ್ ಎಂಬ ಮಾತಿದ್ದರೆ ಆ ವಾರವೇ ರಕ್ತರೋಗ ತಜ್ಞರನ್ನು ಕಾಣಿ. ಬ್ಲಾಸ್ಟ್ ಇದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ.

## ವರ್ಷಗಟ್ಟಲೆಯ ಒತ್ತಡ

ಹದಿನೈದು ವರ್ಷದಿಂದ ದಿನಕ್ಕೆ ಮೂರು ಗಂಟೆ ಲೋಕಲ್ಲಿನಲ್ಲಿ ನಿಂತು ಹೋಗುತ್ತೇನೆ. ಕೌಂಟ್ ಯಾವಾಗಲೂ 11,000ದ ಆಸುಪಾಸು. ರೈಲಿನದೇ ತಪ್ಪಲ್ಲವೇ?

ರೈಲಿಗೂ ಒಂದು ಪಾಲು ಇರಬಹುದು. ಅಮೆರಿಕದಲ್ಲಿ ತೀವ್ರನಿಗಾ ಘಟಕದಲ್ಲಿ ಪಾಳಿ ಮಾಡುತ್ತಿದ್ದ ತರುಣ ವೈದ್ಯರ ರಕ್ತವನ್ನು ಪಾಳಿಯ ನಡುವೆಯೂ ರಜೆಯಲ್ಲೂ ಪರೀಕ್ಷಿಸಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪಾಳಿಯ ದಿನಗಳಲ್ಲಿ ಬಿಳಿ ಕಣ ಹೆಚ್ಚು ಇದ್ದವು. ಅದೇ ತಂಡ ಇಲಿಗಳಲ್ಲಿ ಕಾರಣವನ್ನೂ ತೋರಿಸಿತು. ಒತ್ತಡ ವಾರಗಟ್ಟಲೆ ಎಳೆದರೆ ಮಜ್ಜೆಗೆ ಹೋಗುವ ನರಗಳು ನಾರ್‌ಅಡ್ರಿನಲಿನ್ ಸುರಿಸುತ್ತವೆ. ಕಾಂಡಕೋಶಗಳನ್ನು ಸುಮ್ಮನೆ ಕೂರಿಸಿಡುವ ಒಂದು ರಾಸಾಯನಿಕ ಇದೆ, ಸಿಎಕ್ಸ್‌ಸಿಎಲ್12 ಎಂದು. ಅದು ಕಡಿಮೆಯಾಗಿ, ಕೋಶಗಳು ಎಚ್ಚೆತ್ತು ಹೆಚ್ಚು ಹೆಚ್ಚು ಕಣ ಹುಟ್ಟಿಸತೊಡಗುತ್ತವೆ. ಅಂದರೆ ಕ್ಷಣದ ಗಾಬರಿಯಲ್ಲಿ ಕೂತವರು ಎದ್ದರೆ, ವರ್ಷಗಳ ಒತ್ತಡದಲ್ಲಿ ಜನಸಂಖ್ಯೆಯೇ ಸ್ವಲ್ಪ ಏರುತ್ತದೆ.

ಆದರೆ ಈ ಪ್ರಶ್ನೆ ಕೇಳಿದವರ ಅಂಗಿಯ ಜೇಬಿನಲ್ಲಿ ಸಿಗರೇಟು ಪಾಕೀಟು ಇಣುಕುತ್ತಿತ್ತು. ಧೂಮಪಾನ ಬಿಳಿ ಕಣಗಳನ್ನು ಸದಾ ಏರಿಸಿಡುವ ಅತಿ ಸಾಮಾನ್ಯ ಕಾರಣ. ಸೊಂಟದ ಸುತ್ತಳತೆ, ಹತೋಟಿಯಿಲ್ಲದ ಸಕ್ಕರೆ, ವಸಡಿನ ಹಳೆಯ ಕೀವು ಇವೂ ಸಾಲಿನಲ್ಲಿವೆ. ಇವನ್ನೆಲ್ಲ ದಾಟಿದ ಮೇಲೆ ರೈಲಿನ ಸರದಿ.

ಕೌಂಟ್ ಏರಿದರೆ ಒಳ್ಳೆಯದೇ ಅಲ್ಲವೇ? ರೋಗನಿರೋಧಕ ಶಕ್ತಿ ಹೆಚ್ಚಿತಲ್ಲ!

ಬೀದಿಯಲ್ಲಿ ಪೊಲೀಸರು ಹೆಚ್ಚಾಗಿ ಕಂಡರೆ ಠಾಣೆಯಲ್ಲಿ ಯಾರಿದ್ದಾರೆ ಎಂದೂ ಕೇಳಬೇಕು. ಕಾರ್ಟಿಸಾಲ್ ನ್ಯೂಟ್ರೋಫಿಲ್‌ಗಳನ್ನು ರಕ್ತದಲ್ಲಿ ಹಿಡಿದಿಡುತ್ತದೆ, ಗಾಯದ ಜಾಗಕ್ಕೆ ಇಳಿಯಲು ಬಿಡುವುದಿಲ್ಲ. ಎಣಿಕೆ ಜಾಸ್ತಿ, ಕೆಲಸ ಕಡಿಮೆ.

1991ರಲ್ಲಿ ಪ್ರಕಟವಾದ, ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ತಂಡದ ಪ್ರಯೋಗದಲ್ಲಿ ಸುಮಾರು 400 ಆರೋಗ್ಯವಂತರ ಮೂಗಿಗೆ ಶೀತದ ವೈರಸ್ ಹನಿ ಹಾಕಿದರು. ಒತ್ತಡ ಹೆಚ್ಚಿದ್ದವರಿಗೆ ಹೆಚ್ಚು ಶೀತ ಹತ್ತಿತು. 1995ರಲ್ಲಿ ಜಾನಿಸ್ ಕಿಕೋಲ್ಟ್-ಗ್ಲೇಸರ್ ಅವರ ತಂಡ, ಮರೆಗುಳಿ ಕಾಯಿಲೆಯ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಹದಿಮೂರು ಹೆಂಗಸರ ತೋಳಿನಲ್ಲಿ 3.5 ಮಿಲಿಮೀಟರಿನ ಒಂದೇ ಅಳತೆಯ ಸಣ್ಣ ಗಾಯ ಮಾಡಿ ಕಾದಿತು. ಅದೇ ವಯಸ್ಸಿನ, ಅಂಥ ಹೊರೆಯಿಲ್ಲದ ಹೆಂಗಸರಿಗಿಂತ ಅವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಈ ಸಂಗತಿಯನ್ನು ಶಿಬಿರದಲ್ಲಿ ಹೇಳಿದಾಗಲೆಲ್ಲ ಹಿಂದಿನ ಸಾಲಿನಿಂದ ಒಬ್ಬರಾದರೂ ಸೊಸೆ ಎದ್ದು, ಅತ್ತೆಯವರಿಗೆ ಆರು ವರ್ಷದಿಂದ ನೆನಪಿಲ್ಲ ಡಾಕ್ಟರೇ ಎನ್ನುತ್ತಾರೆ.

ಪ್ರಾಣಾಯಾಮ ಮಾಡಿದರೆ ಕೌಂಟ್ ಇಳಿಯುತ್ತದೆಯೇ?

ನಿದ್ದೆ ಚೆನ್ನಾಗಿ ಬರುತ್ತದೆ, ಎದೆಬಡಿತ ತಗ್ಗುತ್ತದೆ, ಮಾಡಿ. ಇಷ್ಟು ದಿನ ಮಾಡಿದರೆ ಇಷ್ಟು ಸಾವಿರ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಒಂದೇ ಹಾರ್ಮೋನು ಒಂದು ಕಣವನ್ನು ಏರಿಸಿ ಇನ್ನೊಂದನ್ನು ಇಳಿಸುವುದು ಹೇಗೆ?

ಕಾರ್ಟಿಸಾಲ್ ಕೊಬ್ಬಿನಲ್ಲಿ ಕರಗುವ ಅಣು. ಕೋಶದ ಪೊರೆ ದಾಟಿ ಒಳಗೇ ಹೋಗಿ, ಅಲ್ಲಿನ ಗ್ರಾಹಕವನ್ನು ಹಿಡಿದು, ಕೇಂದ್ರಕ್ಕೆ ನುಗ್ಗಿ, ಯಾವ ಜೀನ್ ಓದಬೇಕು, ಯಾವುದು ಬೇಡ ಎಂದು ಬದಲಿಸುತ್ತದೆ. ಒಂದೊಂದು ಬಗೆಯ ಕೋಶ ಅದೇ ಅಪ್ಪಣೆಯನ್ನು ಒಂದೊಂದು ರೀತಿ ಓದಿಕೊಳ್ಳುತ್ತದೆ.

ನ್ಯೂಟ್ರೋಫಿಲ್ಲಿನಲ್ಲಿ ನಾಲ್ಕು ಸಂಗತಿ ಒಟ್ಟಿಗೇ ನಡೆಯುತ್ತವೆ. ಗೋಡೆ ಹಿಡಿಯುವ ಸೆಲೆಕ್ಟಿನ್ ಎಂಬ ಕೊಕ್ಕೆಗಳು ಉದುರುತ್ತವೆ, ಅಂಟಿದವು ಬಿಡಿಸಿಕೊಳ್ಳುತ್ತವೆ. ಮಜ್ಜೆಯ ದಾಸ್ತಾನಿನಿಂದ ಬಲಿತವು ಹೊರಬರುತ್ತವೆ. ಅಲ್ಲಿ ಹರಿವ ರಕ್ತದಲ್ಲಿರುವುದರ ಹಲವು ಪಟ್ಟು ಕಣಗಳು ಸದಾ ಕಾದು ಕೂತಿರುತ್ತವೆ. ರಕ್ತದಿಂದ ಅಂಗಾಂಶಕ್ಕೆ ಇಳಿಯುವ ಬಾಗಿಲು ಕಿರಿದಾಗುತ್ತದೆ. ಕೊನೆಯದು ನನಗೆ ಅತಿ ಸೋಜಿಗ: ಒಂದು ದಿನವೂ ಬಾಳದೆ ತಾನಾಗಿ ಸಾಯುವ ಈ ಕಣಗಳ ಸಾವನ್ನೇ ಕಾರ್ಟಿಸಾಲ್ ಮುಂದೂಡುತ್ತದೆ. ಐದಾರು ತುಂಡು ಬೀಜದ ಮುದುಕರು ಪಟ್ಟಿಯ ಮೇಲೆ ಕಾಣುವುದು ಇದರಿಂದಲೇ.

ಲಿಂಫೋಸೈಟ್‌ಗಳಲ್ಲಿ ಬಹುಪಾಲು ಸಾಯುವುದಿಲ್ಲ, ಮನೆಗೆ ಹೋಗುತ್ತವೆ. ಅವುಗಳ ಮೈಮೇಲೆ ಸಿಎಕ್ಸ್‌ಸಿಆರ್4 ಎಂಬ ಗ್ರಾಹಕ ಹೆಚ್ಚಿ, ಮಜ್ಜೆಯ ಕರೆ ಜೋರಾಗಿ ಕೇಳಿಸುತ್ತದೆ. ಒಂದು ದಿನದೊಳಗೆ ತಿರುಗಿ ಬರುತ್ತವೆ. ಇಯೊಸಿನೊಫಿಲ್‌ಗಳು ರಕ್ತ ಬಿಡುವುದೂ ಹೌದು, ಸಾಯುವುದೂ ಹೌದು.

ಅಡ್ರಿನಲಿನ್ನಿನ ಹಾದಿಯೇ ಬೇರೆ. ಅದು ಮೊದಲ ನಿಮಿಷಗಳಲ್ಲಿ ಲಿಂಫೋಸೈಟ್‌ಗಳನ್ನೂ, ಅದರಲ್ಲೂ ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಎನ್‌ಕೆ ಎಂಬ ಬಗೆಯನ್ನು, ಏರಿಸುತ್ತದೆ. ಹಾಗಾಗಿ ಅಪಘಾತವಾದ ಕೂಡಲೇ ತೆಗೆದ ರಕ್ತದಲ್ಲಿ ಲಿಂಫೋಸೈಟ್ ಹೆಚ್ಚಿದ್ದು, ಕೆಲವು ಗಂಟೆ ಕಳೆದು ತೆಗೆದದ್ದರಲ್ಲಿ ಕಡಿಮೆಯಾಗಿರುವುದು ವಿರೋಧವಲ್ಲ. ಮೊದಲನೆಯದು ಅಡ್ರಿನಲಿನ್ನಿನ ರುಜು, ಎರಡನೆಯದು ಕಾರ್ಟಿಸಾಲಿನ ರುಜು.

ಇದನ್ನೆಲ್ಲ ಮೊದಲು ಗಮನಿಸಿದವರು ಯಾರು?

ಕೆನಡಾದ ಮಾಂಟ್ರಿಯಲ್‌ನ ವಿಜ್ಞಾನಿ ಹಾನ್ಸ್ ಸೆಲ್ಯೆ ಅಂಡಾಶಯದ ಹೊಸ ಹಾರ್ಮೋನು ಹುಡುಕುತ್ತಾ ಇಲಿಗಳಿಗೆ ಚುಚ್ಚುತ್ತಿದ್ದವರು. ಏನನ್ನು ಚುಚ್ಚಿದರೂ, ಚಳಿಗೆ ಒಡ್ಡಿದರೂ, ದಣಿಸಿದರೂ ಇಲಿಗಳ ಒಳಗೆ ಅದೇ ಮೂರು ಬದಲಾವಣೆ: ಅಡ್ರಿನಲ್ ಊದಿದೆ, ಲಿಂಫೋಸೈಟ್‌ಗಳ ತವರಾದ ಥೈಮಸ್ ಕುಗ್ಗಿದೆ, ಹೊಟ್ಟೆಯಲ್ಲಿ ಹುಣ್ಣು. 1936ರಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟವೂ ತುಂಬದ ಪತ್ರ ಬರೆದರು. 1948ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಥಾರ್ನ್, ಅಡ್ರಿನಲ್ ಹಾರ್ಮೋನಿಗೆ ಇಯೊಸಿನೊಫಿಲ್ ಇಳಿಯುವುದನ್ನೇ ಪರೀಕ್ಷೆಯನ್ನಾಗಿ ಮಾಡಿದರು: ಪಿಟ್ಯುಟರಿಯ ಹಾರ್ಮೋನು ಚುಚ್ಚಿ ನಾಲ್ಕು ಗಂಟೆಯಲ್ಲಿ ಇಯೊಸಿನೊಫಿಲ್ ಅರ್ಧಕ್ಕೆ ಇಳಿದರೆ ಅಡ್ರಿನಲ್ ಸರಿಯಿದೆ ಎಂದರ್ಥ. ಕಾರ್ಟಿಸಾಲ್ ಅಳೆಯುವ ವಿಧಾನ ಕೈಗೆ ಸಿಗುವವರೆಗೂ ಅಬ್ಬಲಿಗೆ ಕಣಗಳೇ ಅದರ ಅಳತೆಗೋಲು. 1950ರ ದಶಕದಲ್ಲಿ ಹಾರ್ವರ್ಡಿನ ದೋಣಿಸ್ಪರ್ಧೆಯ ಹುಡುಗರಲ್ಲೂ ಇವನ್ನು ಎಣಿಸಿದರು. ಹುಟ್ಟು ಮುಟ್ಟದೆ ಕೂತು ದೋಣಿಗೆ ದಾರಿ ಹೇಳುವವನಲ್ಲೂ ಇಯೊಸಿನೊಫಿಲ್ ಇಳಿದಿತ್ತು.

ನಮ್ಮ ನಾಯಿಯ ರಿಪೋರ್ಟಿನಲ್ಲಿ ‘ಸ್ಟ್ರೆಸ್ ಲ್ಯೂಕೋಗ್ರಾಮ್’ ಎಂದು ಬರೆದಿದ್ದಾರೆ. ನಾಯಿಗೂ ಟೆನ್ಷನ್ನೇ?

ದೀಪಾವಳಿಯ ವಾರ ಪಟಾಕಿ ಸದ್ದಿಗೆ ಮಂಚದಡಿ ನಡುಗುವುದನ್ನು ನೋಡಿಲ್ಲವೇ? ಪಶುವೈದ್ಯರು ಈ ವಿಷಯದಲ್ಲಿ ನಮಗಿಂತ ಜಾಣರು. ಒತ್ತಡಕ್ಕೆ ಬಿಳಿ ಕಣಗಳು ಹೀಗೆ ಏರಿಳಿಯುವುದಕ್ಕೆ ಅವರ ಪುಸ್ತಕಗಳಲ್ಲಿ ಈ ಹೆಸರೇ ಇದೆ, ನಾವು ಮನುಷ್ಯರ ರಿಪೋರ್ಟಿನಲ್ಲಿ ಹಾಗೆ ಬರೆಯುವುದೇ ಇಲ್ಲ. ನಾಯಿಯಲ್ಲಿ ಮೊನೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣವೂ ಏರುತ್ತದೆ. ಡಬ್ಬಿಯಲ್ಲಿ ಮುಚ್ಚಿ ಆಟೋದಲ್ಲಿ ತಂದ ಬೆಕ್ಕಿನಲ್ಲಿ ಮೊದಲು ಕಾಣುವುದು ಅಡ್ರಿನಲಿನ್ನಿನ ರುಜು, ಲಿಂಫೋಸೈಟ್‌ಗಳ ಏರಿಕೆ.

ಅಷ್ಟೆಲ್ಲ ಯಾಕೆ, ಕಾರ್ಟಿಸಾಲನ್ನೇ ಅಳೆಸಿಬಿಟ್ಟರೆ ಒತ್ತಡ ಎಷ್ಟೆಂದು ಗೊತ್ತಾಗುವುದಿಲ್ಲವೇ?

ಗೊತ್ತಾಗುವುದಿಲ್ಲ. ನನ್ನ ಲ್ಯಾಬಿಗೂ ನಾಲ್ಕು ಕಾಸು ಬರುವ ಟೆಸ್ಟ್ ಇದು, ಆದರೂ ಹೇಳುತ್ತೇನೆ. ದಿನದ ಹೊತ್ತಿಗೆ ತಕ್ಕಂತೆ ಹಲವು ಪಟ್ಟು ಏರಿಳಿಯುವ, ಸೂಜಿಯ ಭಯಕ್ಕೇ ಜಿಗಿಯುವ ಹಾರ್ಮೋನಿನ ಒಂದೇ ಅಂಕಿಯಿಂದ ಮನಸ್ಸಿನ ಭಾರ ತೂಗಲಾಗದು. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಅದು ಸುಮ್ಮನೆ ಹೆಚ್ಚಾಗಿ ಕಾಣುತ್ತದೆ.

ಆ ಟೆಸ್ಟ್ ಇರುವುದು ಎರಡು ಕಾಯಿಲೆಗಳಿಗೆ. ಒಂದು ಕುಶಿಂಗ್, ಅಲ್ಲಿ ಕಾರ್ಟಿಸಾಲ್ ಅತಿಯಾಗುತ್ತದೆ. ಸಂಶಯವಿದ್ದರೆ ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಿಸಿ ಬೆಳಗ್ಗೆ 8ಕ್ಕೆ ರಕ್ತ ತೆಗೆಯುತ್ತೇವೆ; ಆರೋಗ್ಯವಂತರಲ್ಲಿ ಅಷ್ಟು ಹೊತ್ತಿಗೆ ಕಾರ್ಟಿಸಾಲ್ ಅಡಗಿರಬೇಕು. ಇನ್ನೊಂದು ಆಡಿಸನ್, ಅಲ್ಲಿ ಗ್ರಂಥಿಯೇ ಸೋತಿರುತ್ತದೆ. ಒಮ್ಮೆ ನಮ್ಮಲ್ಲಿಗೆ ಬಂದ ಒಬ್ಬ ಹೋಟೆಲಿನವರು ಹತ್ತು ದಿನದ ಜ್ವರ, ವಾಂತಿಯಿಂದ ಗಲ್ಲಾಪೆಟ್ಟಿಗೆಯ ಮುಂದೆ ಕೂರಲಾರದಷ್ಟು ಬಳಲಿದ್ದರು. ಅಷ್ಟು ಕಾಯಿಲೆಯ ಮನುಷ್ಯನಲ್ಲಿ ಇಯೊಸಿನೊಫಿಲ್ ಸೊನ್ನೆ ಇರಬೇಕಿತ್ತು. ಪಟ್ಟಿಯ ತುಂಬ ಅಬ್ಬಲಿಗೆ ಅರಳಿತ್ತು, ನೂರಕ್ಕೆ ಒಂಬತ್ತು. ಅವರ ಅಂಗೈಯ ಗೆರೆಗಳು ಕಪ್ಪಾಗಿದ್ದವು. ಡಾಕ್ಟರಿಗೆ ಫೋನು ಮಾಡಿ, ಮರುದಿನ ಬೆಳಗ್ಗೆ 8ರ ಕಾರ್ಟಿಸಾಲ್ ಕಳಿಸಿದೆವು. ತಳ ಹಿಡಿದಿತ್ತು.